39 ಇಂಚು 3 ಸೂತ: ಒಂದು ಮೀಟರ್ ಹಾಯಿದೋಣಿ ಕಟ್ಟಿದ ಲೆಕ್ಕ

ಗದಗಿನಲ್ಲಿ ಗಾಳಿಗೆ ಬರವಿಲ್ಲ. ಕಪ್ಪತಗುಡ್ಡದ ಕಡೆ ನೋಡಿದರೆ ಸಾಲು ಸಾಲು ಗಾಳಿಯಂತ್ರಗಳು ಕಾಣುತ್ತವೆ. ಆಷಾಢ ಬಂತೆಂದರೆ ಮನೆ ಮೇಲಿನ ತಗಡು ಹಿಡಿದುಕೊಳ್ಳಬೇಕು. ಇಷ್ಟು ಗಾಳಿ ಇದ್ದರೂ ಇಲ್ಲಿ ಒಂದು ಹಾಯಿದೋಣಿ ಇಲ್ಲ ಅನ್ನುವುದು ನನಗೆ ಬಹಳ ದಿನದಿಂದ ಕಾಡುತ್ತಿತ್ತು. ದೊಡ್ಡ ದೋಣಿ ನನ್ನ ಕೈಗೆ ಎಟಕುವುದಲ್ಲ. ರಿಮೋಟಿನಲ್ಲಿ ನಡೆಸುವ ಸಣ್ಣ ದೋಣಿ ಎಟಕುತ್ತದೆ. ಮೋಟಾರ್ ವೈಂಡಿಂಗ್ ನನ್ನ ಕೆಲಸ. ವರ್ನಿಯರ್, ಮೈಕ್ರೋಮೀಟರ್ ಅಂಗಡಿಯಲ್ಲೇ ಇವೆ.

ಒಂದೇ ನಿಯಮದ ಅಳತೆಗೆ ಕಟ್ಟುವ ದೋಣಿಗಳ ಗುಂಪಿಗೆ ವರ್ಗ ಎನ್ನುತ್ತಾರೆ. ನಾನು ಆರಿಸಿಕೊಂಡದ್ದು ಇಂಟರ್‌ನ್ಯಾಷನಲ್ ಒನ್ ಮೀಟರ್ ಎಂಬ ವರ್ಗ. 1988ರಲ್ಲಿ ರೂಪಗೊಂಡ ನಿಯಮ ಇದು. ನಿಯಮದ ಅಳತೆಗಳೆಲ್ಲ ಮಿಲಿಮೀಟರ್ ಮತ್ತು ಗ್ರಾಂನಲ್ಲಿ ಇವೆ. ಒಡಲಿನ ಉದ್ದ 1000 ಎಂಎಂ ಮೀರಬಾರದು. ನೀರಿನೊಳಗೆ ಇಳಿಯುವ ಆಳ 420 ಮೀರಬಾರದು. ಒಟ್ಟು ತೂಕ 4000 ಗ್ರಾಂಗಿಂತ ಕಮ್ಮಿ ಆಗಬಾರದು. ಒಡಲಿನ ಅಡಿಯಿಂದ ನೀರಿಗೆ ಇಳಿಯುವ ಫಿನ್ ಎಂಬ ಹಲಗೆ ಮತ್ತು ಅದರ ತುದಿಯ ಸೀಸದ ಗುಂಡು ಸೇರಿ 2200ರಿಂದ 2500 ಗ್ರಾಂ ಒಳಗೆ ಇರಬೇಕು. ಓದಲು ಬಹಳ ಸರಳ, ಅಲ್ವಾ? ತೊಡಕು ಏನೆಂದರೆ, ಗೋವಾದ ಗೆಳೆಯ ಕೊಟ್ಟ ನಕ್ಷೆ ಅಮೆರಿಕದ್ದು. ಅದರಲ್ಲಿ ಎಲ್ಲವೂ ಇಂಚು, ಪೌಂಡು. ನಮ್ಮ ಬಡಿಗೇರ ಕಾಕಾ ಮಾತಾಡುವುದು ಇಂಚು ಮತ್ತು ಸೂತದಲ್ಲಿ. ಒಂದು ಸೂತ ಎಂದರೆ ಇಂಚಿನ ಎಂಟನೇ ಒಂದು ಭಾಗ, 3.175 ಎಂಎಂ. ಈ ಮೂರರ ನಡುವೆ ಆರು ತಿಂಗಳು ಓಡಾಡಿದ ಲೆಕ್ಕವನ್ನೇ ಇಲ್ಲಿ ಬರೆದಿದ್ದೇನೆ. ತಪ್ಪುಗಳನ್ನು ಬಿಟ್ಟಿಲ್ಲ. ಮುಂದೆ ಕಟ್ಟುವವರಿಗೆ ಅವೇ ಹೆಚ್ಚು ಬೇಕಾಗುತ್ತವೆ.

1. ಜನವರಿ 12, 2025, ಭಾನುವಾರ: ನಕ್ಷೆಯ ಪ್ರಿಂಟು

ಒಡಲಿಗೆ ಆಕಾರ ಕೊಡಲು ಅಡ್ಡವಾಗಿ ಸಾಲಿಗೆ ನಿಲ್ಲಿಸುವ ಹಲಗೆಗಳಿಗೆ ಫರ್ಮಾ ಎನ್ನುತ್ತಾರೆ. ಅವುಗಳ ಚಿತ್ರ ಪೂರ್ತಿ ಅಳತೆಯಲ್ಲಿ ಇತ್ತು. ಝೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಗೆ ತೆಗೆಸಿದೆ. ಖರ್ಚು 80 ರೂಪಾಯಿ. ಮನೆಗೆ ಬಂದು ನೋಡಿದರೆ ಹಾಳೆಯ ಮೂಲೆಯಲ್ಲಿ 6 ಇಂಚಿನ ಒಂದು ಗೆರೆ ಇತ್ತು. ಅದು 152.4 ಎಂಎಂ ಬರಬೇಕು. ಬಂದದ್ದು 148. ಹಾಳೆಗೆ ಹೊಂದಿಸಲು ಯಂತ್ರ ತಾನಾಗಿಯೇ ಚಿತ್ರವನ್ನು ಸುಮಾರು 3 ಶೇಕಡಾ ಕುಗ್ಗಿಸಿತ್ತು. ಮತ್ತೆ ಹೋಗಿ "ನೂರಕ್ಕೆ ನೂರು ಇಡಿ, ಹಾಳೆಗೆ ಹೊಂದಿಸಬೇಡಿ" ಎಂದು ಹೇಳಿ ತೆಗೆಸಿದೆ. ಇನ್ನೊಂದು 80 ರೂಪಾಯಿ. ಎರಡನೇ ಸಲ ಗೆರೆಯನ್ನು ಅಂಗಡಿಯಲ್ಲೇ ಅಳೆದು ದುಡ್ಡು ಕೊಟ್ಟೆ.

ಅಂದು ರಾತ್ರಿ ಇನ್ನೊಂದು ನಕ್ಷೆಯನ್ನೂ ತೆಗೆದು ನೋಡಿದೆ. ಅದು ಮಾರ್ಬಲ್‌ಹೆಡ್ ಎಂಬ ಇನ್ನೊಂದು ಸಣ್ಣ ಹಾಯಿದೋಣಿ ವರ್ಗದ್ದು. ಆ ವರ್ಗ ಹುಟ್ಟಿದ್ದೇ ಇಂಚಿನಲ್ಲಿ: ಉದ್ದ 50 ಇಂಚು, ಹಾಯಿ 800 ಚದರ ಇಂಚು. ನಾನು 800ನ್ನು 25.4ರಿಂದ ಒಂದೇ ಸಲ ಗುಣಿಸಿ 20,320 ಚದರ ಎಂಎಂ ಎಂದು ಬರೆದುಕೊಂಡಿದ್ದೆ. ಅಷ್ಟು ಬಟ್ಟೆ ಒಂದು ಕರವಸ್ತ್ರಕ್ಕೂ ಸಾಲದು. ಚದರ ಅಳತೆಯಲ್ಲಿ ಎರಡು ಸಲ ಗುಣಿಸಬೇಕು. ಆಗ 5,16,128 ಚದರ ಎಂಎಂ, ಅಂದರೆ ಅರ್ಧ ಚದರ ಮೀಟರಿಗಿಂತ ತುಸು ಜಾಸ್ತಿ. ಹೊಲದ ಲೆಕ್ಕ ಗೊತ್ತಿರುವವರಿಗೆ ಇದು ಬೇಗ ಹೊಳೆಯುತ್ತದೆ. ಗುಂಟೆ ಎಂದರೆ 33 ಅಡಿಗೆ 33 ಅಡಿ. ಮೀಟರಿಗೆ ತರುವಾಗ ಎರಡೂ ಬದಿಯನ್ನು ತರಬೇಕು, ಆಗಲೇ 101 ಚದರ ಮೀಟರ್ ಬರುವುದು.

2. ಫೆಬ್ರವರಿ 2: ಬೆನ್ನುಹಲಗೆ ಹೊಂದಲಿಲ್ಲ

ಫರ್ಮಾಗಳನ್ನು ಸಾಲಾಗಿ ನಿಲ್ಲಿಸಲು ಒಂದು ನೇರ ಹಲಗೆ ಬೇಕು. ಅದನ್ನು ನಾನು ಗುರುತು ಮಾಡಿದೆ. ಫರ್ಮಾಗಳನ್ನು ಒಂದಕ್ಕೊಂದು ಕೂಡಿಸುವ ಬೆನ್ನುಹಲಗೆಯನ್ನು ಕಾಕಾ ಕೊರೆದರು. ನಕ್ಷೆಯಲ್ಲಿ ಫರ್ಮಾಗಳ ನಡುವಿನ ಅಂತರ 4 ಇಂಚು.

ನನ್ನ ತಪ್ಪು ಇಲ್ಲೇ ಶುರುವಾಯಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದಿಂಚು ಪೈಪ್ ಎಂದರೆ 25 ಎಂಎಂ ಪೈಪ್ ಕೊಡುತ್ತಾರೆ. ಅದೇ ರೂಢಿಯಲ್ಲಿ 4 ಇಂಚು ಎಂದರೆ 100 ಎಂಎಂ ಎಂದು ಗೆರೆ ಹಾಕುತ್ತಾ ಹೋದೆ. ಕಾಕಾ ತಮ್ಮ ಟೇಪಿನಲ್ಲಿ ಸರಿಯಾಗಿ 4 ಇಂಚು ಹಿಡಿದರು. ಫರ್ಮಾ ಕೂರುವ ಮೊದಲ ಕೊರೆತದಲ್ಲಿ 1.6 ಎಂಎಂ ವ್ಯತ್ಯಾಸ. ನಾನು ಅದನ್ನು ಗರಗಸದ ದಪ್ಪ ಅಂದುಕೊಂಡೆ. ಒಂಬತ್ತನೇ ಕೊರೆತಕ್ಕೆ ಬಂದಾಗ ವ್ಯತ್ಯಾಸ 14.4 ಎಂಎಂ ಆಗಿತ್ತು. ಫರ್ಮಾ ಕೂರಲೇ ಇಲ್ಲ.

ಕಾಕಾ ಹಲಗೆಯನ್ನು ತಿರುಗಿಸಿ ನೋಡಿ ಹೇಳಿದರು: "ತಮ್ಮಾ, ನನ್ನ ಇಂಚು ಬ್ಯಾರೆ, ನಿನ್ನ ಇಂಚು ಬ್ಯಾರೆ ಏನು?"

ಇಂಚು ಬೇರೆ ಬೇರೆ ಇಲ್ಲ. 1959ರ ಒಪ್ಪಂದದ ಮೇಲೆ ಒಂದು ಇಂಚು ಎಂದರೆ ಸರಿಯಾಗಿ 25.4 ಎಂಎಂ. ಹೆಚ್ಚಿಲ್ಲ, ಕಮ್ಮಿಯಿಲ್ಲ. ಪೈಪ್ ಅಂಗಡಿಯ 25 ಬರೀ ಹೆಸರು, ಅದು ಅಳತೆ ಅಲ್ಲ.

ಹಲಗೆಗೆ ರಂದಾ ಹೊಡೆದು ಹಳೆಯ ಗೆರೆಗಳನ್ನು ಅಳಿಸಿದೆ. ಈ ಸಲ ಒಂದರಿಂದ ಇನ್ನೊಂದಕ್ಕೆ ಅಳೆಯಲಿಲ್ಲ. ಒಂದೇ ತುದಿಯಿಂದ ಎಲ್ಲವನ್ನೂ ಹಿಡಿದೆ: 101.6, 203.2, 304.8, 406.4, 508, 609.6, 711.2, 812.8, 914.4. ಅರ್ಧ ಎಂಎಂ ಗುರುತಿರುವ ಒಂದು ಮೀಟರಿನ ಸ್ಟೀಲ್ ಪಟ್ಟಿ ಇಟ್ಟುಕೊಂಡು, ಚಾಕುವಿನ ತುದಿಯಿಂದ ಗೀರು ಹಾಕಿದೆ. ಹೀಗೆ ಮಾಡಿದರೆ ಒಂದು ಗೆರೆ ಕಾಲು ಎಂಎಂ ತಪ್ಪಿದರೂ ಆ ತಪ್ಪು ಮುಂದಿನದಕ್ಕೆ ದಾಟುವುದಿಲ್ಲ.

3. ಫೆಬ್ರವರಿ 23: ಪಟ್ಟಿ ಹೊದಿಸುವುದು

ಬಾಲ್ಸಾ ಮರ ಇಲ್ಲಿ ಸಿಗಲಿಲ್ಲ. ಯಂತ್ರಗಳನ್ನು ತುಂಬಿ ಕಳಿಸುವ ಪೈನ್ ಪೆಟ್ಟಿಗೆಯ ಮರ ತೆಗೆದುಕೊಂಡು ಸಾ ಮಿಲ್ಲಿನಲ್ಲಿ ಪಟ್ಟಿ ಸೀಳಿಸಿದೆ. ಮರ, ಸೀಳಿದ್ದು, ಕಾಕಾರ ಕೂಲಿ ಎಲ್ಲಾ ಸೇರಿ 1,100 ರೂಪಾಯಿ. ನಕ್ಷೆ ಕೇಳುವುದು ಇಂಚಿನ 32ರಲ್ಲಿ 3 ಭಾಗ ದಪ್ಪ, ಅಂದರೆ 2.4 ಎಂಎಂ, ಕಾಕಾರ ಲೆಕ್ಕದಲ್ಲಿ ಮುಕ್ಕಾಲು ಸೂತ. ಮಿಲ್ಲಿನವರು ಒಂದು ಸೂತಕ್ಕಿಂತ ತೆಳ್ಳಗೆ ಸೀಳಲು ಒಪ್ಪಲಿಲ್ಲ. ಹಾಗಾಗಿ ಪ್ರತಿ ಪಟ್ಟಿ ಬೇಕಾದ್ದಕ್ಕಿಂತ 0.8 ಎಂಎಂ ಹೆಚ್ಚು ದಪ್ಪ ಆಯಿತು. ಫರ್ಮಾಗಳ ಅಂಚನ್ನು ಅಷ್ಟೇ ಕಡಿಮೆ ಮಾಡಿದೆ, ಹೊರ ಆಕಾರ ನಕ್ಷೆಯಂತೆ ಉಳಿಯಿತು. ಆದರೆ ತೂಕ ಉಳಿಯಲಿಲ್ಲ. ಆ ತೂಕ ಮುಂದೆ ಎಲ್ಲಿ ತೊಂದರೆ ಕೊಟ್ಟಿತು ಅನ್ನುವುದು 7ನೇ ಹಂತದಲ್ಲಿ ಇದೆ.

ಎಪಾಕ್ಸಿ ಮತ್ತು ಗಾಜಿನ ಬಟ್ಟೆಗೆ 1,750 ರೂಪಾಯಿ. ಈ ವರ್ಗದಲ್ಲಿ ಒಡಲಿಗೆ ಕಾರ್ಬನ್ ಬಳಸುವಂತಿಲ್ಲ. ಒಳ್ಳೆಯ ನಿಯಮ. ಇಲ್ಲದಿದ್ದರೆ ನನ್ನಂಥವರು ಈ ಆಟಕ್ಕೆ ಇಳಿಯುವುದೇ ಆಗುತ್ತಿರಲಿಲ್ಲ.

4. ಮಾರ್ಚ್ 16: ಉದ್ದ, ಮತ್ತು ಮೂಗಿನ ರಬ್ಬರು

ಇಡೀ ಕೆಲಸದಲ್ಲಿ ನಾನು ಹೆಚ್ಚು ಕಲಿತದ್ದು ಈ ಭಾನುವಾರ.

ದೋಣಿಯ ಮೂಗಿನ ತುದಿ ಕನಿಷ್ಠ 10 ಎಂಎಂ ಮೆತ್ತನೆಯ ವಸ್ತುವಿನಿಂದ ಇರಬೇಕು ಎಂದು ನಿಯಮ ಹೇಳುತ್ತದೆ. ಬೇರೆ ದೋಣಿಗೆ ಬಡಿದರೆ ತೂತು ಆಗಬಾರದು ಎಂಬ ಕಾರಣಕ್ಕೆ. ಆ ರಬ್ಬರೂ 1000 ಎಂಎಂ ಒಳಗೇ ಲೆಕ್ಕ. ಅಂದರೆ ಮರ 990, ರಬ್ಬರು 10. ನಕ್ಷೆಯಲ್ಲಿ ಮರದ ಉದ್ದ 38 ಇಂಚು, ಮೇಲೆ 32ರಲ್ಲಿ 31 ಭಾಗ. ಲೆಕ್ಕ ಹಾಕಿದರೆ 989.8 ಎಂಎಂ.

ಕಾಕಾರ ಟೇಪಿನಲ್ಲಿ 32ನೇ ಭಾಗದ ಗೆರೆ ಇಲ್ಲ, 16ನೇ ಭಾಗದ್ದು ಇದೆ. "39 ಇಂಚಿಗೆ ಒಂದು ಕೂದಲು ಕಮ್ಮಿ, 39 ಅಂತನ ಹಿಡಿ" ಎಂದರು. ನಾನೂ ಒಪ್ಪಿದೆ. ರಬ್ಬರಿಗೆ 10 ಎಂಎಂ ಎಂದರೆ ಹತ್ತಿರದ ಅಳತೆ 3 ಸೂತ. ಹಳೆಯ ಯಂತ್ರದ ಪ್ಯಾಕಿಂಗ್ ರಬ್ಬರು 30 ರೂಪಾಯಿಗೆ ಸಿಕ್ಕಿತು, ಸರಿಯಾಗಿ 3 ಸೂತ ದಪ್ಪದ್ದು. ಅಂಟಿಸಿದೆವು. ಟೇಪ್ ಹಿಡಿದರೆ 39 ಇಂಚು 3 ಸೂತ. ಮೀಟರಿಗೆ 39.37 ಇಂಚು ಎಂದು ಶಾಲೆಯಲ್ಲಿ ಓದಿದ್ದೆವು. 3 ಸೂತ ಎಂದರೆ 0.375. ಹೊಂದಿತು ಎಂದು ಇಬ್ಬರಿಗೂ ಖುಷಿ ಆಯಿತು.

ರಾತ್ರಿ ಮತ್ತೆ ಕೂತು ಗುಣಿಸಿದೆ. 39.375 ಗುಣಿಸು 25.4. ಬಂದದ್ದು 1000.125.

ಒಂದು ಎಂಎಂನ ಎಂಟನೇ ಒಂದು ಭಾಗ ಜಾಸ್ತಿ. ಕಣ್ಣಿಗೆ ಕಾಣದ ಅಳತೆ. ಆದರೆ ನಿಯಮ "ಗರಿಷ್ಠ 1000" ಎಂದರೆ ಅದು 1000ವೇ, ಸಾವಿರದ ಹತ್ತಿರ ಅಲ್ಲ. ಅದಕ್ಕಿಂತ ದೊಡ್ಡ ತಪ್ಪು ರಬ್ಬರಿನಲ್ಲಿತ್ತು. 3 ಸೂತ ಎಂದರೆ 9.525 ಎಂಎಂ. ಕನಿಷ್ಠ 10 ಬೇಕಾದಲ್ಲಿ ಅರ್ಧ ಎಂಎಂ ಕಮ್ಮಿ. ಒಂದೇ ಕಡೆ ಎರಡು ತಪ್ಪು: ಒಟ್ಟು ಉದ್ದ ಜಾಸ್ತಿ, ರಬ್ಬರು ಕಮ್ಮಿ. ಇಂಚಿನ ಟೇಪಿನಲ್ಲಿ ಇವೆರಡೂ ಸರಿ ಕಾಣುತ್ತಿದ್ದವು.

ರಬ್ಬರನ್ನು ಅರದಿಂದ ತಿಕ್ಕಿ ಉದ್ದ ಸರಿ ಮಾಡಬಹುದಿತ್ತು. ಹಾಗೆ ಮಾಡಿದರೆ ರಬ್ಬರು ಇನ್ನೂ ಕಮ್ಮಿ ಆಗುತ್ತದೆ. ಆದ್ದರಿಂದ ರಬ್ಬರನ್ನು ಕಿತ್ತು ಮರದ ಮೂಗನ್ನೇ 988.5ಕ್ಕೆ ಇಳಿಸಿದೆ. ಹೊಸದಾಗಿ 12 ಎಂಎಂ ರಬ್ಬರು ಅಂಟಿಸಿ, 10.5 ಉಳಿಯುವ ತನಕ ತಿಕ್ಕಿದೆ. ಒಟ್ಟು 999. ಒಂದು ಎಂಎಂ ಬಿಟ್ಟುಕೊಟ್ಟೆ. ಬಿಸಿಲಿಗೆ, ನೀರಿಗೆ ಮರ ಉಬ್ಬುತ್ತದೆ. ಅದಕ್ಕೆ ಜಾಗ ಬೇಕು.

ಆಮೇಲೆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಂಡೆ: ಗರಿಷ್ಠ ಎಂದಿದ್ದರೆ ಕೆಳಗಿನ ಅಂಕಿ ಹಿಡಿ, ಕನಿಷ್ಠ ಎಂದಿದ್ದರೆ ಮೇಲಿನ ಅಂಕಿ ಹಿಡಿ. ಶಾಲೆಯಲ್ಲಿ ಕಲಿತ "ಅರ್ಧ ದಾಟಿದರೆ ಮುಂದಿನ ಅಂಕಿ" ಇಲ್ಲಿ ನಡೆಯುವುದಿಲ್ಲ.

ಮರುದಿನ ಒಂದು ಪ್ಲೈವುಡ್ ಪಟ್ಟಿಯ ಮೇಲೆ ಎರಡು ಮರದ ತಡೆ ಕೂರಿಸಿದೆ. ಅವುಗಳ ನಡುವಿನ ಅಂತರ ಸರಿಯಾಗಿ 1000 ಎಂಎಂ. ದೋಣಿಯನ್ನು ಅದರೊಳಗೆ ಇಟ್ಟರೆ ಕೂರಬೇಕು. ಕೂರದಿದ್ದರೆ ಜಾಸ್ತಿ. ಟೇಪೂ ಬೇಡ, ಲೆಕ್ಕವೂ ಬೇಡ. ಇದನ್ನು ನಾನು ಮೊದಲ ದಿನವೇ ಮಾಡಬೇಕಿತ್ತು. ಆ ಪ್ಲೈವುಡ್ಡನ್ನು ನೋಡಿ: ಅಂಗಡಿಯಲ್ಲಿ ಹಾಳೆ 8 ಅಡಿಗೆ 4 ಅಡಿ, ದಪ್ಪ ಮಾತ್ರ 6 ಎಂಎಂ. 1956ರಲ್ಲೇ ನಮ್ಮ ದೇಶ ಮೀಟರ್ ಪದ್ಧತಿಗೆ ಕಾಯ್ದೆ ಮಾಡಿತು. ಮರದ ಕೆಲಸದಲ್ಲಿ ಇಂದಿಗೂ ಎರಡೂ ಜೊತೆಗೇ ನಡೆಯುತ್ತಿವೆ.

5. ಏಪ್ರಿಲ್ 6 ಮತ್ತು 27: ಸೀಸದ ಗುಂಡು

ಫಿನ್‌ನ ಕೆಳಗೆ ಸೀಸದ ಗುಂಡು ಇರುತ್ತದೆ. ದೋಣಿ ಮಗುಚದಂತೆ ಹಿಡಿಯುವುದು ಅದೇ. ನಕ್ಷೆ ಹೇಳುವ ತೂಕ 4.9 ಪೌಂಡು. ಒಂದು ಪೌಂಡಿಗೆ 453.59 ಗ್ರಾಂ, ಅಂದರೆ 2,223 ಗ್ರಾಂ. ಫಿನ್ 182 ಗ್ರಾಂ. ಒಟ್ಟು 2,405. ಲೆಕ್ಕ ಸರಿಯಿತ್ತು.

ಗದಗನ್ನು ಮುದ್ರಣ ಕಾಶಿ ಎನ್ನುತ್ತಾರೆ. ಹಳೆಯ ಪ್ರೆಸ್ಸುಗಳ ಅಚ್ಚಿನ ಮೊಳೆ ಇನ್ನೂ ಗುಜರಿಯಲ್ಲಿ ಸಿಗುತ್ತದೆ. ಕೆ.ಜಿ.ಗೆ 200ರಂತೆ 3 ಕೆ.ಜಿ. ತಂದೆ. ಸೀಸವೇ ತಾನೇ ಎಂದುಕೊಂಡೆ. ಮೊಳೆಗಳನ್ನು ಕರಗಿಸುವ ಮುನ್ನ ಒಂದು ಹಿಡಿ ಎತ್ತಿಟ್ಟೆ. ಒಂದೊಂದು ಅಕ್ಷರವನ್ನೂ ಕೈಯಲ್ಲಿ ಜೋಡಿಸಿ ಪುಸ್ತಕ ಮಾಡಿದ ಜನರ ಊರು ಇದು. ಎಲ್ಲವನ್ನೂ ಕರಗಿಸಲು ಮನಸ್ಸು ಬರಲಿಲ್ಲ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚನ್ನು ಮೂರು ದಿನ ಬಿಸಿಲಿಗೆ ಇಟ್ಟಿದ್ದೆ. ಹೊರಗೆ ಒಣಗಿತ್ತು, ಒಳಗೆ ತೇವ ಇತ್ತು. ಮೊದಲ ಸಲ ಸುರಿದಾಗ ಲೋಹ ಸಿಡಿಯಿತು. ದಪ್ಪ ಕೈಗವಸು, ಕನ್ನಡಕ ಇದ್ದುದರಿಂದ ಏನೂ ಆಗಲಿಲ್ಲ. ದಯವಿಟ್ಟು ಅಚ್ಚನ್ನು ಒಲೆಯ ಬಿಸಿಯಲ್ಲಿ ಪೂರ್ತಿ ಒಣಗಿಸಿ, ಬಯಲಿನಲ್ಲೇ ಕರಗಿಸಿ, ಆ ಪಾತ್ರೆಯನ್ನು ಮತ್ತೆ ಅಡುಗೆಗೆ ತರಬೇಡಿ.

ಎರಡನೇ ಸಲ ಅಂಚುಗಳೆಲ್ಲ ತುಂಬಿ ಗುಂಡು ಚೆನ್ನಾಗಿ ಬಂತು. ತೂಗಿದರೆ 2,004 ಗ್ರಾಂ. ಫಿನ್ ಸೇರಿ 2,186. ಕನಿಷ್ಠ 2200ಕ್ಕೆ 14 ಗ್ರಾಂ ಕಮ್ಮಿ.

ಪೌಂಡನ್ನು ಗ್ರಾಂಗೆ ತಂದದ್ದರಲ್ಲಿ ತಪ್ಪು ಹುಡುಕುತ್ತಾ ಎರಡು ದಿನ ಕಳೆದೆ. ತಪ್ಪು ಅಲ್ಲಿರಲಿಲ್ಲ. ಅಚ್ಚಿನ ಮೊಳೆ ಶುದ್ಧ ಸೀಸ ಅಲ್ಲ. ಅದರಲ್ಲಿ ಆಂಟಿಮನಿ ಮತ್ತು ತವರ ಸೇರಿರುತ್ತವೆ. ಸೀಸದ ಸಾಂದ್ರತೆ 11.34, ತವರದ್ದು 7.3, ಆಂಟಿಮನಿಯದ್ದು 6.7. ಅದೇ ಅಚ್ಚಿನಲ್ಲಿ ಹಗುರ ಲೋಹ ತುಂಬಿದರೆ ತೂಕ ಕಮ್ಮಿಯೇ. ನಿಯಮದಲ್ಲೂ ಗುಂಡು ಸೀಸಕ್ಕಿಂತ ಸಾಂದ್ರವಾಗಿರಬಾರದು ಎಂದೇ ಇದೆ. ಅದನ್ನು ಓದಿದ್ದಾಗಲೇ ನನಗೆ ಹೊಳೆಯಬೇಕಿತ್ತು.

ಏಪ್ರಿಲ್ 27ರಂದು ಹಳೆಯ ನಲ್ಲಿಯ ಸೀಸದ ಪೈಪು 2.6 ಕೆ.ಜಿ. ತಂದು ಮತ್ತೆ ಎರಕ ಹೊಯ್ದೆ. ಖರ್ಚು 572 ರೂಪಾಯಿ. ಗುಂಡು 2,215 ಗ್ರಾಂ, ಫಿನ್ ಸೇರಿ 2,397.

ಬೋಲ್ಟಿನದ್ದೂ ಇಲ್ಲೇ ಹೇಳಿಬಿಡುತ್ತೇನೆ. ಫಿನ್ ಬಿಗಿಯಲು ಒಂದು ಅಂಗಡಿಯಲ್ಲಿ 6 ಎಂಎಂ ರಾಡ್ ತಂದೆ, ಇನ್ನೊಂದರಲ್ಲಿ ಕಾಲಿಂಚು ನಟ್ ತಂದೆ. ನಟ್ ಸಲೀಸಾಗಿ ಏರಿ, ಎರಡು ಸುತ್ತು ತಿರುಗುವಷ್ಟರಲ್ಲಿ ಬಿಗಿಯಾಯಿತು. ಬಿಗಿ ಕೂತಿದೆ ಅನ್ನಿಸಿತು. ಎಳೆದರೆ ಕೈಗೇ ಬಂತು. ಕಾಲಿಂಚು ಎಂದರೆ 6.35 ಎಂಎಂ. ಅದರ ತಿರುಪಿನ ಎಳೆ ಇಂಚಿಗೆ 20, ಅಂದರೆ 1.27 ಎಂಎಂಗೆ ಒಂದು. 6 ಎಂಎಂ ರಾಡಿನದು 1 ಎಂಎಂಗೆ ಒಂದು. ಆ ಬಿಗಿ ಎಳೆ ಎಳೆಯನ್ನು ಕಡಿದ ಬಿಗಿ. ಕೆರೆಯ ನಡುವೆ ಹೀಗಾಗಿದ್ದರೆ ಸೀಸ ತಳಕ್ಕೆ, ದೋಣಿ ಬೋರಲು. 40 ರೂಪಾಯಿಯ ನಟ್‌ಗಳನ್ನು ಬದಿಗಿಟ್ಟು 50 ರೂಪಾಯಿಗೆ ಜೋಡಿ ಹೊಸದು ತಂದೆ, ಒಂದೇ ಅಂಗಡಿಯಿಂದ, ಅಲ್ಲೇ ತಿರುಗಿಸಿ ನೋಡಿ.

6. ಜೂನ್ 1: ಹಾಯಿ

ಹಾಯಿಕಂಬಕ್ಕೆ ಅಲ್ಯೂಮಿನಿಯಂ ಕೊಳವೆ, 180 ರೂಪಾಯಿ. "ಅರ್ಧ ಇಂಚು" ಎಂದು ಕೊಟ್ಟದ್ದು ವರ್ನಿಯರಿನಲ್ಲಿ 12.0 ಬಂತು, 12.7 ಅಲ್ಲ. ತೂತು ಕೊರೆಯುವ ಮುಂಚೆ ಅಳೆದದ್ದು ಒಳ್ಳೆಯದಾಯಿತು.

ದೊಡ್ಡ ಹಾಯಿಯ ಕಂಬದ ಕಡೆಯ ಅಂಚು ಗರಿಷ್ಠ 1600 ಎಂಎಂ. ಇಂಚಿಗೆ ತಂದರೆ 62.99. ಬೆಟಗೇರಿಯ ಟೇಲರ್ ಅಣ್ಣನಿಗೆ 63 ಎಂದು ಹೇಳಿದೆ. 63 ಇಂಚು ಎಂದರೆ 1600.2. ನೋಟ್‌ಬುಕ್ಕಿನ ಮೊದಲ ಪುಟವನ್ನು ನಾನೇ ಮರೆತಿದ್ದೆ.

ಅದು ಸಣ್ಣದು. ದೊಡ್ಡದು ಟೇಲರ್ ಟೇಪಿನಲ್ಲಿತ್ತು. ಹೊಲಿದು ತಂದ ನೈಲಾನ್ ಹಾಯಿಯನ್ನು ಸ್ಟೀಲ್ ಪಟ್ಟಿಯಲ್ಲಿ ಅಳೆದರೆ 1608. ಎಳೆದು ಹಿಡಿದರೆ 1612. ಮರುದಿನ ಅವರ ಟೇಪನ್ನೇ ನನ್ನ ಪಟ್ಟಿಯ ಪಕ್ಕ ಇಟ್ಟು ನೋಡಿದೆವು. ವರ್ಷಗಟ್ಟಲೆ ಕೊರಳಲ್ಲಿದ್ದು ಹಿಗ್ಗಿತ್ತು. ಅದರ 60 ಇಂಚು 1,531 ಎಂಎಂ ಇತ್ತು, ಇರಬೇಕಾದದ್ದು 1,524. ಅಂಗಿಗೆ ಇದು ಏನೂ ಅಲ್ಲ. ಅಣ್ಣ ಬೇಜಾರು ಮಾಡಿಕೊಂಡರು. ತಪ್ಪು ಅವರದ್ದಲ್ಲ ಎಂದು ನಾನು ಹೇಳಿದೆ, ನಿಜಕ್ಕೂ ಅವರದ್ದಲ್ಲ. ಯಾವ ಅಳತೆಗೋಲು ಎಂದು ಮೊದಲೇ ಕೊಡಬೇಕಾದವನು ನಾನು.

ಕೆಳಗಿನಿಂದ 10 ಎಂಎಂ ಕತ್ತರಿಸಿದರೆ ಆಗದೇ ಎಂದು ಕೇಳಬಹುದು. ಆಗದು. ಹಾಗೆ ಕತ್ತರಿಸಿದರೆ ಹಿಂಬದಿಯ ಅಂಚೂ ಗಿಡ್ಡ ಆಗುತ್ತದೆ, ಹಾಯಿಯ ನಡುವಿನ ಅಡ್ಡ ಅಳತೆಗಳ ಜಾಗ ಗೊತ್ತಾಗುವುದು ಆ ಅಂಚಿನ ಉದ್ದದಿಂದಲೇ. ಒಂದನ್ನು ಮುಟ್ಟಿದರೆ ಎಲ್ಲವೂ ಸರಿಯುತ್ತವೆ. 420 ರೂಪಾಯಿಯ ಹಾಯಿ ಕೈಬಿಟ್ಟೆ. ಹಿಂದೆ ನಕ್ಷೆ ಬರೆಯಲು ಬಳಸುತ್ತಿದ್ದ ಪಾಲಿಯೆಸ್ಟರ್ ಫಿಲ್ಮ್ ಮತ್ತು ಎರಡು ಬದಿಯ ಅಂಟುಪಟ್ಟಿ ತಂದು, ಗಾಜಿನ ಮೇಜಿನ ಮೇಲೆ ಎಂಎಂನಲ್ಲೇ ಗುರುತು ಹಾಕಿ ಹೊಸದು ಮಾಡಿದೆ. ಇದಕ್ಕೂ 420 ರೂಪಾಯಿ. ಅಂಚು 1597. ಈ ಫಿಲ್ಮ್ ಹಿಗ್ಗುವುದಿಲ್ಲ.

7. ಜೂನ್ 22: ತೊಟ್ಟಿಯಲ್ಲಿ ಆಳ

ರೇಡಿಯೋ, ಚುಕ್ಕಾಣಿ ತಿರುಗಿಸಲು ಸರ್ವೋ ಎಂಬ ಸಣ್ಣ ಮೋಟಾರ್, ಹಾಯಿ ಎಳೆಯಲು ಒಂದು ವಿಂಚ್, ಬ್ಯಾಟರಿ: 5,200 ರೂಪಾಯಿ. ಎಲ್ಲ ಕೂಡಿಸಿ ತೂಗಿದರೆ 4,212 ಗ್ರಾಂ. ಕನಿಷ್ಠಕ್ಕಿಂತ 212 ಜಾಸ್ತಿ. ಆ ದಪ್ಪ ಪಟ್ಟಿಗಳ ತೂಕ ಇದು.

ಆಳವನ್ನು 16 ಇಂಚು 4 ಸೂತಕ್ಕೆ ಹಿಡಿದಿದ್ದೆ. ಸರಿಯಾಗಿ 419.1 ಎಂಎಂ. 420ಕ್ಕೆ 0.9 ಉಳಿಯಿತು ಎಂದು ಧೈರ್ಯವಾಗಿದ್ದೆ. ಸಿಮೆಂಟ್ ತೊಟ್ಟಿಯ ತಳದಲ್ಲಿ ಒಂದು ಟೈಲ್ ಮಟ್ಟವಾಗಿ ಕೂರಿಸಿ, ಅದರ ಮೇಲೆ 420 ಎಂಎಂ ನೀರು ನಿಲ್ಲಿಸಿ ದೋಣಿ ಬಿಟ್ಟೆ. ಗುಂಡು ಟೈಲಿಗೆ ತಾಗಿತು. ಚೊಂಬಿನಿಂದ ನೀರು ಹಾಕುತ್ತಾ ಹೋದೆ. 421.5ಕ್ಕೆ ಬಿಟ್ಟಿತು.

ಈ ಸಲ ಇಂಚಿನ ಲೆಕ್ಕದಲ್ಲಿ ತಪ್ಪಿಲ್ಲ. ನಕ್ಷೆಯ ನೀರಿನ ಗೆರೆ 4000 ಗ್ರಾಂ ದೋಣಿಗೆ ಹಾಕಿದ್ದು. ನನ್ನದು 212 ಗ್ರಾಂ ಭಾರ. ನೀರಿನ ಮಟ್ಟದಲ್ಲಿ ಒಡಲಿನ ವಿಸ್ತಾರ ಸುಮಾರು 1000 ಚದರ ಸೆಂ.ಮೀ. ಆದ್ದರಿಂದ ಅದು 2 ಎಂಎಂನಷ್ಟು ಹೆಚ್ಚು ಮುಳುಗಿತು. ಫಿನ್‌ನ ಮೇಲ್ತುದಿಯನ್ನು 3 ಎಂಎಂ ಕತ್ತರಿಸಿ ಮತ್ತೆ ಬಿಗಿದೆ. ಮತ್ತೆ 420 ನೀರು ನಿಲ್ಲಿಸಿ ಬಿಟ್ಟೆ. ದೋಣಿ ಎಲ್ಲೂ ತಾಗದೆ ಸುಮ್ನೆ ತೇಲಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

8. ಜುಲೈ 13: ಭೀಷ್ಮಕೆರೆ

ಬೆಳಿಗ್ಗೆ ಆರೂವರೆಗೆ ಹೋದೆವು. ಕಾಕಾರೂ ಬಂದರು. ಆಷಾಢದ ಗಾಳಿ ಪಡುವಣದಿಂದ ಬೀಸುತ್ತಿತ್ತು, ಬಸವೇಶ್ವರ ಮೂರ್ತಿಯ ಎದುರಿನ ನೀರು ಪೂರಾ ಸುಕ್ಕುಗಟ್ಟಿತ್ತು. ದೋಣಿ ಒಂದು ಕಡೆ ವಾಲಿ, ನೀರು ಸೀಳಿಕೊಂಡು ಹೊರಟಿತು. ಎರಡು ಸಲ ಮಗುಚುವಂತೆ ಮಲಗಿ ಸೀಸದ ಭಾರಕ್ಕೆ ತಾನೇ ಎದ್ದಿತು. ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನೀರಾಗ ಹಾಕಿದ ಮ್ಯಾಲೆ ಇದರ ಉದ್ದ ಎಷ್ಟು ಆತು?" ಎಂದು ಕೇಳಿದರು. ದಡಕ್ಕೆ ತಂದು ಒರೆಸಿ ಪ್ಲೈವುಡ್ ತಡೆಗಳ ನಡುವೆ ಇಟ್ಟೆವು. ಕೂತಿತು.

ಒಟ್ಟು ಖರ್ಚು 10,522 ರೂಪಾಯಿ. ಅದರಲ್ಲಿ ತಪ್ಪಿಗೆ ಹೋದದ್ದು 1,140: ಅಚ್ಚಿನ ಮೊಳೆ 600, ನೈಲಾನ್ ಹಾಯಿ 420, ಕುಗ್ಗಿದ ಪ್ರಿಂಟು 80, ನಟ್ 40.

ಆ ದಿನದ ಗಾಳಿಗೆ ದೊಡ್ಡ ಹಾಯಿ ಜಾಸ್ತಿಯೇ ಆಗಿತ್ತು. ನಿಯಮದಲ್ಲಿ ಜೋರು ಗಾಳಿಗೆಂದೇ ಎರಡನೇ ಅಳತೆ ಇದೆ, ಅದರ ಅಂಚು ಗರಿಷ್ಠ 1180. ಫಿಲ್ಮ್ ಮೇಜಿನ ಮೇಲೆ ಹಾಸಿದ್ದೇನೆ. 1178ಕ್ಕೆ ಗೀರು ಹಾಕಿ ಆಗಿದೆ.